ಎರಡು ಸ್ಪೀಕರುಗಳ ನಡುವೆ

೧೯೯೭ರಲ್ಲಿ ಪ್ರಫುಲ್ಲಾ ಪುಣೆ ಬಳಿಯ ಚಿಂಚವಾಡದ ಒಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಫೋನ್ ಎತ್ತುವ, ಕ್ಯಾಸೆಟ್ಟುಗಳ ಮೇಲೆ ಹೆಸರು ಬರೆಯುವ ಕೆಲಸಕ್ಕೆ ಸೇರಿದಳು. ಅವಳದು ಧಾರವಾಡದಿಂದ ಬಂದ ಮನೆತನ. ಸ್ಟುಡಿಯೋದ ಮಾಲೀಕ ದಿಗಂಬರರಾಯರು ಬೆಳಗಾವಿಯವರು. ಅಲ್ಲಿ ತಯಾರಾಗುತ್ತಿದ್ದುದು ಹೆಚ್ಚಾಗಿ ಮರಾಠಿ ಭಕ್ತಿಗೀತೆಗಳಾದ ಅಭಂಗಗಳ ಕ್ಯಾಸೆಟ್ಟು.

ಮೊದಲ ವಾರವೇ ಒಂದು ಸಂಗತಿ ಅವಳ ತಲೆ ಕೆಡಿಸಿತು. ದನಿಗಳನ್ನು ಬೆರೆಸುವ ಮಿಕ್ಸರಿನ ಮುಂದೆ ಎಡಕ್ಕೊಂದು, ಬಲಕ್ಕೊಂದು, ಎರಡೇ ಸ್ಪೀಕರು. ಹಾಡುವವರ ದನಿ ಮಾತ್ರ ನಟ್ಟನಡುವಿನ ಬರಿ ಗೋಡೆಯಿಂದ ಬರುತ್ತಿತ್ತು. ಎದ್ದು ಹೋಗಿ ಗೋಡೆಗೆ ಕಿವಿ ಹಚ್ಚಿದಳು.

“ಅಲ್ಲೇನ್ ಹುಡುಕ್ತೀಯವಾ?” ರಾಯರು ನಕ್ಕರು.

“ಸರ್, ಇಲ್ಲಿ ಮೂರನೇ ಸ್ಪೀಕರ್ ಅದ ಏನ್ರಿ?”

“ಇಲ್ಲ. ಎರಡೂ ಕಡೆಯಿಂದ ಒಂದೇ ಸಮ ಬಂದ್ರ ದನಿ ನಡುವ ನಿಂತಂಗ ಕೇಳಸ್ತದ. ಈ ಗುಂಡಿ ತಿರುವು, ಸರೀತದ ನೋಡು.”

ತಿರುವಿದಳು. ದನಿ ಮೆಲ್ಲಗೆ ಎಡಮೂಲೆಗೆ ನಡೆದುಹೋಯಿತು. ಅಂದಿನಿಂದ ಕೈ ಬಿಡುವಾದಾಗಲೆಲ್ಲ ಹಳೆಯ ಟೇಪು ಹಾಕಿಕೊಂಡು ತಬಲಾ, ತಾಳ, ಹಾರ್ಮೋನಿಯಂ ಪೇಟಿಗಳನ್ನು ಅತ್ತಿತ್ತ ಸರಿಸುವುದೇ ಅವಳ ಹುಚ್ಚಾಯಿತು.

ಮರುವರ್ಷ ಪಿಂಪ್ರಿಯ ಕಾರ್ಖಾನೆಯೊಂದರ ಇಂಜಿನಿಯರರ ರಾಕ್ ತಂಡ ಬಂತು. ಎರಡು ಗಿಟಾರು, ಬೇಸ್, ಡ್ರಮ್ಸ್, ಒಬ್ಬ ಹಾಡುಗಾರ. ಮುಖ್ಯ ಗಿಟಾರಿನವನು ಋಷಿಕೇಶ. ಅವರ ರೆಕಾರ್ಡಿಂಗಿನಲ್ಲಿ ಎಲ್ಲ ವಾದ್ಯಗಳೂ ನಡುವೆಯೇ ನುಗ್ಗಿ, ಹಾಡಿನ ಒಂದು ಶಬ್ದವೂ ಬಿಡಿಸಿ ಕೇಳದಂತಾಗಿತ್ತು. ರಾಯರು ಹೆಡ್‌ಫೋನ್ ತೆಗೆದಿಟ್ಟರು.

“ಈ ಗದ್ದಲ ನನಗ ತಿಳಿಯೂದಿಲ್ಲ. ನೀ ದಿನಾ ಗುಂಡಿ ತಿರುವ್ತೀಯಲ್ಲ, ಕೂತು ನೋಡು.”

ಪ್ರಫುಲ್ಲಾ ಹಾಡುಗಾರ, ಬೇಸ್, ದೊಡ್ಡ ಡ್ರಮ್ಮನ್ನು ನಡುವೆ ಬಿಟ್ಟಳು. ಒಂದು ಗಿಟಾರನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕಳಿಸಿದಳು. ದನಿಯನ್ನು ಒಂದಿಷ್ಟೂ ಏರಿಸದೆಯೇ ಹಾಡಿನ ಮಾತು ತೊಳೆದಂತೆ ಹೊರಬಂತು. ಹುರುಪು ಬಂದು, ಋಷಿಕೇಶ ಒಬ್ಬನೇ ನುಡಿಸುವ ಸೋಲೋವನ್ನು ಬಲದಂಚಿಗೆ ಪೂರ್ತಿ ಒಯ್ದಳು. ತಂಡದವರು ಕುಣಿದಾಡಿ ಕ್ಯಾಸೆಟ್ಟು ಒಯ್ದರು.

ನಾಲ್ಕು ದಿನಕ್ಕೆ ಋಷಿಕೇಶ ಮುಖ ಊದಿಸಿಕೊಂಡು ಬಂದ. “ಮಾಝಾ ಸೋಲೋ ಕುಠೇ ಗೇಲಾ?” ನನ್ನ ಸೋಲೋ ಎಲ್ಲಿ ಹೋಯಿತು? ಅವನ ತಂದೆ ಕಾರಿನಲ್ಲಿ ತಮ್ಮ ಆಫೀಸಿನವರಿಗೆ ಕ್ಯಾಸೆಟ್ಟು ಕೇಳಿಸಿದ್ದರಂತೆ. ಮಗ ನುಡಿಸಬೇಕಾದ ಜಾಗದಲ್ಲಿ ಬರೀ ಡ್ರಮ್ಸು. ಇದರಲ್ಲಿ ನೀನೆಲ್ಲಿದ್ದೀ ಎಂದು ಎಲ್ಲರೆದುರು ಕೇಳಿಬಿಟ್ಟಿದ್ದರು.

ಪ್ರಫುಲ್ಲಾಳ ಮುಖ ಸಪ್ಪಗಾಯಿತು. ಆದರೂ ಕುತೂಹಲ ತಡೆಯದೆ, ಕಾರು ಎಲ್ಲಿದೆ ಎಂದು ಕೇಳಿದಳು. ಕೆಳಗೇ ನಿಂತಿತ್ತು. ಒಳಗೆ ಕೂತು ಒಂದೊಂದು ಸ್ಪೀಕರಿಗೂ ಕಿವಿ ಕೊಟ್ಟಳು. ಬಲಗಡೆಯದು ಸತ್ತಿತ್ತು! ಹಾಗಾದರೆ ಜನ ಹಾಡು ಕೇಳುವುದು ತನ್ನ ಕುರ್ಚಿಯಲ್ಲಿ ಕೂತಲ್ಲ. ಅರ್ಧ ಕೆಟ್ಟ ಟೇಪ್ ರೆಕಾರ್ಡರಿನಲ್ಲಿ, ಪಕ್ಕದ ಕೋಣೆಯಿಂದ, ಅಡುಗೆ ಮಾಡುತ್ತ.

ಮೇಲೆ ಬಂದು ಬಲ ಸ್ಪೀಕರಿನ ತಂತಿ ಕಿತ್ತಳು. ಎಡದೊಂದರಲ್ಲೇ ಕೇಳುತ್ತ ಸೋಲೋವನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಒಳಗೆ ಎಳೆದಳು. ಕಿವಿಗೆ ಬಿದ್ದೊಡನೆ ತಂತಿ ಸಿಕ್ಕಿಸಿದಳು. ಗಿಟಾರು ಬಲಗಡೆಯೇ ಇತ್ತು, ಆದರೆ ಅಂಚಿಗೆ ಅಂಟಿಕೊಂಡಿರಲಿಲ್ಲ. ಆ ಭಾನುವಾರ ತಂದೆ ಅದೇ ಕಾರಿನಲ್ಲಿ ಹೊಸ ಕ್ಯಾಸೆಟ್ಟನ್ನು ಮೂರು ಸಲ ಕೇಳಿದರೆಂದು ಋಷಿಕೇಶ ಫೋನ್ ಮಾಡಿದ.

೨೦೦೩ರ ಹೊತ್ತಿಗೆ ಮಿಕ್ಸಿಂಗ್ ಪೂರ್ತಿ ಅವಳದೇ. ಆಗ ಸಾಯಲಿ ಎಂಬ ಡ್ರಮ್ಮರ್ ತಕರಾರು ತೆಗೆದಳು: ನಾನು ಎಡದಿಂದ ಬಲಕ್ಕೆ ಬಾರಿಸುತ್ತೇನೆ, ಟೇಪಿನಲ್ಲಿ ಬಲದಿಂದ ಎಡಕ್ಕೆ ಬರುತ್ತದೆ. ಪ್ರಫುಲ್ಲಾ ಡ್ರಮ್ಸನ್ನು, ಎದುರು ನಿಂತ ಕೇಳುಗರಿಗೆ ಕಂಡಂತೆ ಜೋಡಿಸಿದ್ದಳು. ಈಗ ಎದ್ದಳು. ಡ್ರಮ್ಸಿನ ಹಿಂದೆ, ಸಾಯಲಿಯ ಸ್ಟೂಲಿನ ಮೇಲೆ ತಾನೇ ಹೋಗಿ ಕೂತು, ಕಡ್ಡಿ ಕೈಗೆ ತಗೊಂಡು ಎಡದಿಂದ ಬಲಕ್ಕೆ ಬಾರಿಸಿದಳು.

“ಸರ್, ನೀವೂ ಬರ್ರಿ,” ರಾಯರನ್ನು ಕೂಗಿದಳು. “ಇಲ್ಲಿಂದ ಬ್ಯಾರೇನ ಕೇಳಸ್ತದ!”