ಕೊಲ್ಲದ ಆಶ್ರಯದ ಗೇಟಿನಲ್ಲಿ

"ಕೊಲ್ಲೂದಿಲ್ಲ" ಅನ್ನುವ ಮಾತಿನ ಪೂರ್ತಿ ಅರ್ಥ ನನಗೆ ಮೊದಲು ಹೇಳಿದವರು ಇಳಕಲ್ ಹತ್ತಿರ ಬೀದಿನಾಯಿಗಳ ಆಶ್ರಯ ನಡೆಸುವ ರಜಿಯಾ ಆಪಾ. ಕೆಲಸದ ಮೇಲೆ ಹುನಗುಂದದಿಂದ ಇಳಕಲ್ ಕಡೆಗೆ ಹೋಗುವಾಗ, ಗ್ರಾನೈಟ್ ಲಾರಿ ಬಡಿದು ಕಾಲು ಮುರಿದಿದ್ದ ನಾಯಿಯೊಂದನ್ನು ಕಾರಿನಲ್ಲಿ ಹಾಕಿಕೊಂಡು ಅಲ್ಲಿಗೆ ಹೋಗಿದ್ದೆ. 'ಇಲ್ಲಿ ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ' ಎಂಬ ಬೋರ್ಡು ನೋಡಿ ಜೀವ ತಂಪಾಯಿತು.

"ಜಾಗಾ ಇಲ್ರಿ ಅಕ್ಕಾರ," ಅಂದರು ಆಪಾ, ಗೇಟು ತೆರೆಯದೆ.

"ಮತ್ತ ಬೋರ್ಡ್ ಹಾಕೀರಲ್ರಿ?"

"ಅದಕ್ಕನ ಜಾಗಾ ಇಲ್ಲ. ಕೆಲವು ಕಡೆ ಸೂಜಿ ಹಾಕಿ ಜಾಗಾ ಮಾಡ್ತಾರ. ನಾವು ಮಾಡೂದಿಲ್ಲ. ಒಳಗ ಬಂದವು ಸಾಯೂತನಾ ಇಲ್ಲೇ ಇರ್ತಾವ."

"ಹಂಗಾರ ಇದು ರಸ್ತೇದಾಗ ಸಾಯಬೇಕೇನ್ರಿ?"

"ಯಾಕ ಸಾಯ್ತೈತಿ? ಗುಣ ಆದದ್ದು ಒಂದು ನಾಯಿ ನೀವು ಒಯ್ರಿ, ಇದನ್ನ ನಾ ಇಟ್ಕೋತೇನಿ. ಬೋರ್ಡ್ ಓದಿ ಖುಷಿಪಡಾಕ ಎಲ್ಲಾರೂ ಬರ್ತಾರ, ಒಯ್ಯಾಕ ಯಾರೂ ಬರಂಗಿಲ್ಲ."

ಕಾರಿನಲ್ಲಿ ನಾಯಿ ನರಳಿತು. ನಾನು ಒಪ್ಪಿದೆ.

ಈಗ ಬಾಗಲಕೋಟೆಯ ನಮ್ಮ ಮನೆಯಲ್ಲಿ ಒಕ್ಕಣ್ಣಿನ ಹೆಣ್ಣುನಾಯಿಯೊಂದು ಸೋಫಾದ ಮೇಲೆ ಮಲಗುತ್ತದೆ. ನಮ್ಮನೆಯವರು ಪ್ಲಾಸ್ಟಿಕ್ ಕುರ್ಚಿಗೆ ಬಂದಿದ್ದಾರೆ. ನಿಮ್ಮ ಪೈಕಿ ಯಾರಾದರೂ ನಾಯಿ ಬಿಟ್ಟುಬರಲು ಅಂಥ ಕಡೆ ಹೊರಟರೆ ಮನೆಯವರಿಗೆ ಒಂದು ಮಾತು ಹೇಳಿಬಿಡಿ: ವಾಪಸು ಬರುವಾಗಲೂ ಕಾರಿನಲ್ಲಿ ನಾಯಿ ಇರುತ್ತದೆ.