ಹೊಟ್ಟಿನ ಚೀಲದ ಮೇಲೆ ಕೂತವರು

ತೋರುಬೆರಳಲ್ಲಿ ಪುಷ್ಯರಾಗದ ಉಂಗುರ. ಸಹಿ ಹಾಕುವ ಜಾಗವನ್ನು ಆ ಬೆರಳು ತೋರಿಸುತ್ತಿತ್ತು. ಮೇಲಿನ ಸಾಲುಗಳೆಲ್ಲ ಅಗಲವಾದ ಅಂಗೈಯ ಅಡಿಯಲ್ಲಿರುತ್ತಿದ್ದವು. ನಮ್ಮ ವಿಮಾ ಏಜೆಂಟರ ಮುಖ ಮರೆತರೂ ಮರೆತೇನು, ಆ ಕೈಯನ್ನು ಮರೆಯಲಾರೆ.

ವರ್ಷಕ್ಕೊಮ್ಮೆ ಹರಿಹರದಿಂದ ಸ್ಕೂಟರಿನಲ್ಲಿ ದಾವಣಗೆರೆಯ ನಮ್ಮ ಮಂಡಕ್ಕಿ ಭಟ್ಟಿಗೆ ಬರುತ್ತಿದ್ದರು. ಮೊದಲು ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಆಮೇಲೆ ಫಾರಂ. ಗಿರಾಕಿಗೆ ತೊಂದರೆಯನ್ನೇ ಕೊಡುವುದಿಲ್ಲ, ಎಲ್ಲ ತಾವೇ ತುಂಬುತ್ತಾರೆ ಎಂದು ಊರೆಲ್ಲ ಹೊಗಳುತ್ತಿತ್ತು. ತುಂಬುತ್ತಿದ್ದರು, ನಿಜ. ಮಾಲು ಇಟ್ಟ ಸೂರಿನಡಿ ಉರುವಲು ಇಡುವುದಿಲ್ಲ ಎಂಬ ವಾರಂಟಿಯನ್ನೂ ನಮ್ಮ ಪರವಾಗಿ ಅವರೇ ತುಂಬಿದ್ದರು. ವಿಮೆಯಲ್ಲಿ ವಾರಂಟಿ ಎಂದರೆ ನಾವು ಕಂಪನಿಗೆ ಕೊಡುವ ಮಾತು ಎಂಬುದು ಬಿ.ಕಾಂ. ಓದಿದ ನನಗೇ ಗೊತ್ತಿರಲಿಲ್ಲ. ಅದನ್ನು ಬರೆಯುವಾಗ ಆ ಮಹಾನುಭಾವರು ಕೂತಿದ್ದು ಎಲ್ಲಿ? ಒಲೆಗೆಂದು ಒಳಗೋಡೆಗೆ ಒಟ್ಟಿದ್ದ ಭತ್ತದ ಹೊಟ್ಟಿನ ಚೀಲದ ಮೇಲೆ. ನಮ್ಮ ಸಾಲಿನ ಭಟ್ಟಿಗಳಲ್ಲಿ ಹೊಟ್ಟು ಇರುವುದು ಒಳಗೇ. ಹೊರಗಿಟ್ಟರೆ ಇಬ್ಬನಿಗೆ ನೆನೆಯುತ್ತದೆ.

ಇದರಲ್ಲಿ ಏನಿದೆ ಎಂದು ಒಮ್ಮೆ ಕೇಳಿದ್ದೆ.

"ಎಲ್ಲಾ ಮಾಮೂಲಿ ಐತೆ, ಸಹಿ ಹಾಕ್ರಿ," ಎಂದರು. ಹಾಕಿದೆ.

ಒಂದು ಮಧ್ಯಾಹ್ನ ಆಚೆ ತುದಿಯ ಸ್ವಿಚ್ ಬೋರ್ಡಿನಿಂದ ಬೆಂಕಿ ಹತ್ತಿ, ಮಂಡಕ್ಕಿ ಚೀಲಗಳೂ ಸೂರೂ ಹೋದವು. ಒಲೆಯ ಬದಿಯ ಹೊಟ್ಟಿಗೆ ಒಂದು ಕಿಡಿಯೂ ತಾಗಲಿಲ್ಲ. ದೇವರ ದಯೆ ಎಂದರು ಅಪ್ಪ. ವಿಮಾ ಕಂಪನಿಯಿಂದ ನಷ್ಟ ಅಳೆಯಲು ಬಂದ ಸರ್ವೇಯರ್ ಸುಟ್ಟದ್ದನ್ನು ಒಮ್ಮೆ ನೋಡಿ, ಸುಡದ ಆ ಚೀಲಗಳ ಫೋಟೊ ತೆಗೆದುಕೊಂಡರು. ಬೆಂಕಿ ಎಲ್ಲಿಂದ ಬಂತೆಂಬುದು ಮುಖ್ಯವಲ್ಲ, ಕೊಟ್ಟ ಮಾತು ಮುರಿದಿದ್ದೀರಿ, ಪರಿಹಾರವಿಲ್ಲ ಎಂದು ಕಾಗದ ಬಂತು.

ಅಪ್ಪನನ್ನು ಕರೆದುಕೊಂಡು ಹರಿಹರಕ್ಕೆ ಹೋದೆ. ಏಜೆಂಟರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನೀವು ಕೂತಿದ್ದೇ ಆ ಚೀಲದ ಮೇಲಲ್ಲವೇ ಎಂದೆ.

"ನಾ ಓದಬ್ಯಾಡ ಅಂದಿದ್ನೇನ್ರಿ? ಸಹಿ ನಿಮ್ದೇ ಐತೆ," ಎಂದು ಎಲೆ ಮಡಿಚಿ ಬಾಯಿಗಿಟ್ಟರು.

ಅವರ ಮೇಲಿನ ಅಸಹ್ಯ ಎಷ್ಟಿತ್ತೋ, ನನ್ನ ಮೇಲಿನದೂ ಅಷ್ಟೇ ಇತ್ತು. ಸ್ವಂತ ಭಟ್ಟಿಯ ಯಜಮಾನರಾಗಿದ್ದ ಅಪ್ಪ ಮರುವಾರದಿಂದ ಪಕ್ಕದವರ ಒಲೆಯ ಮುಂದೆ ಕೂಲಿಗೆ ಹುರಿಯಲು ನಿಂತರು. ದಿನಾ ಅಲ್ಲಿಗೆ ಊಟದ ಡಬ್ಬಿ ಒಯ್ದು ಕೊಟ್ಟವನು ನಾನು.

ಹೋದ ವರ್ಷ ಏಜೆಂಟರು ತೀರಿಕೊಂಡರು. ಅಪ್ಪ ಒತ್ತಾಯ ಮಾಡಿದ್ದಕ್ಕೆ ಮಣ್ಣಿಗೆ ಹೋಗಿದ್ದೆ. ಯಾರಿಗೂ ತೊಂದರೆ ಕೊಟ್ಟವರಲ್ಲ ಎಂದು ಅಲ್ಲಿಯೂ ಹೇಳುತ್ತಿದ್ದರು. ಹಾರ ಹಾಕಿ ಬಂದೆ.

ಅವರಿಂದ ಕಲಿತದ್ದೂ ಇದೆ, ಇಲ್ಲವೆನ್ನಲಾರೆ. ಈಚೆಗೆ ಮತ್ತೆ ಒಂದು ಸಣ್ಣ ಭಟ್ಟಿ ಹಾಕಿದೆವು. ಹೊಸ ಏಜೆಂಟರು ಫಾರಂ ಹರಡಿ ಸಹಿಯ ಜಾಗ ತೋರಿಸಿದರು.

"ಕೈ ತೆಗೀರಿ," ಎಂದೆ.

ಒಂದೊಂದೇ ಸಾಲನ್ನು ಅಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾ ಹೋದೆ. ಬಂದವರಿಗೆ ಕಾಲು ಸೋತಿರಬೇಕು, ಕೂರಲು ಜಾಗ ಹುಡುಕಿದರು. ಹೊಟ್ಟಿನ ಚೀಲಗಳೆಲ್ಲ ಅಂಗಳದಾಚೆಯ ಬೇರೆ ಶೆಡ್ಡಿನಲ್ಲಿದ್ದವು.

"ನಿಂತ್ಕಳ್ರಿ," ಎಂದರು ಅಪ್ಪ. "ಇನ್ನೂ ಎರಡು ಹಾಳೆ ಐತೆ."