ಬಾಯಿ ಮುಚ್ಚಿ ತಿನ್ನುವ ಹುಡುಗಿ

ಜಡೆ ಹಾಕುವಾಗ ಗೊತ್ತಾಯಿತು.

ಸ್ಕೂಲಿಗೆ ಹೊರಡುವ ಹೊತ್ತು. ನನ್ನ ಮಗಳು ಪೂರ್ವಿ ನನ್ನ ಮೊಣಕಾಲುಗಳ ನಡುವೆ ನಿಂತಿದ್ದಳು. ಬಲಗಡೆಯ ಜಡೆಗೆ ರಿಬ್ಬನ್ ಕಟ್ಟುವಾಗ ನನ್ನ ಅಂಗೈ ಅವಳ ಕೆನ್ನೆಗೆ ತಗುಲಿತು. ಅವಳು ತಲೆಯನ್ನು ಸ್ವಲ್ಪ, ತೀರಾ ಸ್ವಲ್ಪ, ಪಕ್ಕಕ್ಕೆ ಸರಿಸಿದಳು. ಬೇಕೆಂದೇ ಮತ್ತೆ ಮುಟ್ಟಿದೆ. ಮತ್ತೆ ಸರಿಸಿದಳು. ಬಾಯಿ ತೆರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಗಿನ ದವಡೆ ಹಲ್ಲಿನ ಪಕ್ಕ, ಒಸಡಿನ ಮೇಲೆ, ಬೆಂದ ಸಬ್ಬಕ್ಕಿಯ ಹಾಗೆ ಬೆಳ್ಳಗೆ ಒಂದು ಗುಳ್ಳೆ. ಹಲ್ಲಿನ ನಡುವೆ ಕಪ್ಪು ಗುಳಿ.

"ನೋಯ್ತಿದೆಯಾ ಪುಟ್ಟಾ?"

"ಇಲ್ಲ ಮಮ್ಮಿ."

ಪೂರ್ವಿಗೆ ಐದು ವರ್ಷ, ಯುಕೆಜಿ. ನಾವಿರುವುದು ಜೋಗುಪಾಳ್ಯದಲ್ಲಿ. ಮನೆಯಲ್ಲಿ ನಾನು, ಪೂರ್ವಿ, ನಮ್ಮತ್ತೆ, ಮತ್ತೆ ಇವರು. ಇವರಿಗೆ ಕಮರ್ಷಿಯಲ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಗುಳ್ಳೆಯನ್ನು ನಮ್ಮತ್ತೆಗೂ ತೋರಿಸಿದೆ. ಅವರು ಕೋಲಾರದ ಕಡೆಯವರು, ಆಸ್ಪತ್ರೆ ಎಂದರೆ ದೂರ.

"ಅಲ್ಲ ಕಣಮ್ಮ, ಹಾಲು ಹಲ್ಲು. ಹೆಂಗಿದ್ರೂ ಬಿದ್ದೋಗೋದು. ಅದಕ್ಕೋಸ್ಕರ ಆಸ್ಪತ್ರೆಗೆ ಯಾಕೆ? ಒಂದು ಲವಂಗ ಇಡು."

ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಆದರೆ ಇವರು ಮೊಬೈಲ್ ಟಾರ್ಚ್ ಹಾಕಿ ಬಾಯೊಳಗೆ ನೋಡಿದವರು ಟಾರ್ಚ್ ಆರಿಸುವುದನ್ನೇ ಮರೆತು ನಿಂತರು. "ಇವತ್ತೇ ಕರ್ಕೊಂಡೋಗು," ಎಂದರು. ಟಾರ್ಚ್ ಉರಿಯುತ್ತಲೇ ಇತ್ತು.

ನಮ್ಮ ಕಡೆಯ ಡೆಂಟಲ್ ಕಾಲೇಜಿಗೆ ಆಟೋದಲ್ಲಿ ಹೋದೆವು. ಅತ್ತೆಯೂ ಬಂದರು. ಬರಬೇಡಿ ಎಂದರೆ ಬರುವವರು ಅವರು. ಮಕ್ಕಳ ವಿಭಾಗದ ಗೋಡೆಯ ಮೇಲೆ ಜಿರಾಫೆಯ ಚಿತ್ರ. ಕತ್ತಿನ ಬಣ್ಣ ಎದ್ದುಹೋಗಿ ಅದಕ್ಕೆ ಮಫ್ಲರ್ ಸುತ್ತಿದ ಹಾಗೆ ಕಾಣುತ್ತಿತ್ತು. ನಮ್ಮನ್ನು ನೋಡಿದವರು ಪಿಜಿ ಮಾಡುತ್ತಿದ್ದ ಡಾ. ಶಾಹೀನ್. ಚಿಕ್ಕ ವಯಸ್ಸು. ಗ್ಲೌಸ್ ಹಾಕಿಕೊಳ್ಳುವ ಮುಂಚೆ ಪೂರ್ವಿಯ ಜಡೆಯ ರಿಬ್ಬನ್ನನ್ನು ಸರಿ ಮಾಡಿದರು. ಅಷ್ಟಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂದುಬಿಟ್ಟಿತು.

ಎಕ್ಸ್‌ರೇಯಲ್ಲಿ ಬಲಗಡೆಯ ಎರಡು ದವಡೆ ಹಲ್ಲು ನರದ ತನಕ ಹಾಳಾಗಿದ್ದವು. ಹಲ್ಲಿನ ಬೇರುಗಳ ನಡುವೆ ಮಲ್ಲಿಗೆ ಮೊಗ್ಗಿನ ಹಾಗೆ ಏನೋ ಕೂತಿತ್ತು.

"ಇದು ಮುಂದೆ ಬರೋ ಪರ್ಮನೆಂಟ್ ಹಲ್ಲು, ಮೇಡಂ. ಮೇಲಿನ ಇನ್ಫೆಕ್ಷನ್ ಇದಕ್ಕೂ ಇಳೀಬಹುದು. ಹಾಲು ಹಲ್ಲು ಬಿದ್ದೋಗುತ್ತೆ ಅಂತ ಬಿಡೋಕಾಗಲ್ಲ."

ನಮ್ಮತ್ತೆ ಜಿರಾಫೆಯ ಕಡೆ ನೋಡಿದರು.

ಆಮೇಲೆ ಡಾಕ್ಟರ್ ಒಂದು ಸಹಾಯ ಕೇಳಿದರು. ಅವರದೊಂದು ಸ್ಟಡಿ. ಹಲ್ಲು ಕೆಟ್ಟರೆ ಚಿಕ್ಕ ಮಕ್ಕಳ ದಿನನಿತ್ಯದ ಬದುಕಿಗೆ ಏನಾಗುತ್ತದೆ ಎಂದು ಅಳೆಯುವುದು. ಟ್ರೀಟ್‌ಮೆಂಟಿಗೆ ಮೊದಲು ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ ಅವೇ ಪ್ರಶ್ನೆಗಳು. ಉತ್ತರ ಹೇಳಬೇಕಾದದ್ದು ತಾಯಿ. ಯಾವತ್ತೂ ಇಲ್ಲ, ಅಪರೂಪಕ್ಕೆ, ಆಗಾಗ, ತುಂಬಾ ಸಲ. ಇವುಗಳಲ್ಲಿ ಒಂದನ್ನು ಆರಿಸಬೇಕು. ಒಂದೊಂದಕ್ಕೂ ಅಂಕ, ಅಂಕ ಹೆಚ್ಚಾದಷ್ಟೂ ಮಗುವಿಗೆ ತೊಂದರೆ ಹೆಚ್ಚು ಎಂದರ್ಥ. ಅಳೆಯುವುದು ಎಂದಾಗ ನನಗೆ ಇಂಚು ಪಟ್ಟಿ ನೆನಪಾಗಿ ನಗು ಬಂತು. ಒಪ್ಪಿದೆ.

"ಮಗು ಹಲ್ಲು ನೋವು ಅಂತ ಹೇಳಿದ್ದುಂಟಾ?"

"ಯಾವತ್ತೂ ಇಲ್ಲ."

"ತಿನ್ನೋಕೆ ಕಷ್ಟ ಪಡ್ತಾಳಾ?"

"ಇಲ್ಲ. ನಿಧಾನ, ಅಷ್ಟೇ. ಬಾಯಿ ಮುಚ್ಚಿ, ನೀಟಾಗಿ ತಿಂತಾಳೆ."

"ನಗೋದು, ಮಾತಾಡೋದು ಕಡಿಮೆ ಮಾಡಿದ್ದಾಳಾ?"

"ಅವಳು ಮೊದ್ಲಿಂದಾನೂ ಸೈಲೆಂಟ್ ಡಾಕ್ಟರ್. ತುಂಬಾ ಡೀಸೆಂಟ್."

ನಿದ್ದೆ, ಸಿಟ್ಟು, ಸ್ಕೂಲು ತಪ್ಪಿಸಿದ್ದು, ನನಗೆ ತಪ್ಪು ಮಾಡಿದೆ ಅನ್ನಿಸಿದ್ದು ಎಲ್ಲಕ್ಕೂ ಯಾವತ್ತೂ ಇಲ್ಲ. ನನಗೆ ಬೇಸರವಾಗಿದೆಯಾ ಎಂದಾಗ ಮಾತ್ರ ಅಪರೂಪಕ್ಕೆ ಎಂದೆ. ಕೆಳಗೆ ಸಹಿ ಹಾಕಿದೆ. ಒಳ್ಳೆಯ ಮಾರ್ಕ್ಸ್ ಬಂದ ಹಾಗೆ ಅನ್ನಿಸಿತು, ನಿಜ ಹೇಳುತ್ತೇನೆ.

ಡಾಕ್ಟರ್ ಆ ಹಾಳೆಯನ್ನು ಒಮ್ಮೆ, ಎಕ್ಸ್‌ರೇಯನ್ನು ಒಮ್ಮೆ ನೋಡಿದರು. ಸ್ಟೂಲ್ ಎಳೆದುಕೊಂಡು ಪೂರ್ವಿಯ ಎತ್ತರಕ್ಕೆ ಕೂತರು.

"ಪೂರ್ವಿ, ನೀನು ಚಪಾತಿ ಯಾವ ಕಡೆಯಿಂದ ತಿಂತೀಯಾ?"

ಅವಳು ಎಡಗೆನ್ನೆ ತೋರಿಸಿದಳು.

"ಈ ಕಡೆ ಯಾಕಿಲ್ಲ?" ಡಾಕ್ಟರ್ ಬಲಗೆನ್ನೆ ತೋರಿಸಿದರು.

"ಆ ಕಡೆ ತಿಂದ್ರೆ ನೋಯುತ್ತೆ."

"ಮತ್ತೆ ಮಮ್ಮಿಗೆ ಯಾಕೆ ಹೇಳಿಲ್ಲ?"

ಪೂರ್ವಿಗೆ ಈ ಪ್ರಶ್ನೆಯೇ ವಿಚಿತ್ರ ಅನ್ನಿಸಿರಬೇಕು. ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು.

"ತಿಂದ್ರೆ ಎಲ್ಲಾರ್ಗೂ ನೋಯುತ್ತಲ್ವಾ?"



ನಾನು ಓದಿದ್ದು ಕಂಟೋನ್ಮೆಂಟಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿನ ಸಿಸ್ಟರ್‌ಗಳು ಪ್ರೀತಿಯಿಂದಲೇ ಕಲಿಸಿದ ಕೆಲವು ನಡವಳಿಕೆಗಳಿವೆ. ಅಗಿಯುವಾಗ ತುಟಿ ಮುಚ್ಚಿರಬೇಕು, ಸದ್ದಾಗಬಾರದು, ನಗುವಾಗ ಕಿರುನಗೆ ಸಾಕು. ಅವು ನನಗೆ ಈಗಲೂ ಇಷ್ಟ. ಪೂರ್ವಿಗೆ ಅವನ್ನು ಹೇಳಿಕೊಟ್ಟೆ, ಅವಳು ಕಲಿತಳು ಎಂದುಕೊಂಡೆ. ಮದುವೆ ಮನೆಗಳಲ್ಲಿ ಬೇರೆ ಮಕ್ಕಳು ಹಪ್ಪಳ ಪುಡಿ ಮಾಡಿ ಚೆಲ್ಲಾಡುವಾಗ ನನ್ನ ಮಗಳು ಬಾಯಿ ಮುಚ್ಚಿ ಮೊಸರನ್ನ ತಿನ್ನುತ್ತಿದ್ದಳು. ಎಷ್ಟು ಒಳ್ಳೆ ಹುಡುಗಿ ಎಂದು ಎದುರಿಗೆ ಕೂತವರು ಹೇಳುತ್ತಿದ್ದರು. ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಮನೆಗೆ ಬರುವ ಆಟೋದಲ್ಲಿ ಒಂದೊಂದಾಗಿ ನೆನಪಾಗತೊಡಗಿತು. ಟಿಫಿನ್ ಬಾಕ್ಸಿನಲ್ಲಿ ಸೇಬು ಹಾಗೇ ವಾಪಸ್ಸು ಬರುತ್ತಿದ್ದುದು. ಬರಬರುತ್ತಾ ನಾನೇ ಸೇಬು ಹಾಕುವುದು ಬಿಟ್ಟು ಬಾಳೆಹಣ್ಣು ಹಾಕಿದ್ದು. ಚಪಾತಿಯನ್ನು ಹಾಲಿನಲ್ಲಿ ನೆನೆಸಿಕೊಟ್ಟರೆ ಬೇಗ ತಿನ್ನುತ್ತಾಳೆ ಎಂದು ಕಂಡುಕೊಂಡದ್ದು. ಮಲಗಿದಾಗ ಯಾವಾಗಲೂ ಎಡಗೆನ್ನೆಯೇ ದಿಂಬಿಗೆ. ಇದೆಲ್ಲ ನಾನು ನೋಡದೆ ಇದ್ದದ್ದಲ್ಲ. ಯೂನಿಫಾರ್ಮಿನ ಗುಂಡಿ ಒಂದು ಎಳೆ ಸಡಿಲವಾದರೂ ಕಣ್ಣಿಗೆ ಬೀಳುತ್ತದೆ ನನಗೆ. ನೋಡಿದ್ದೆ, ನೋಡಿ ಖುಷಿ ಪಟ್ಟಿದ್ದೆ.

ಅತ್ತೆ ಆಟೋದಿಂದ ಹೊರಗೆ ನೋಡುತ್ತಾ ಹೇಳಿದರು. "ಹೋದ್ ವರ್ಷ ಇವಳು ನಿಪ್ಪಟ್ಟು ಕಡಿದ್ರೆ ಎದುರುಮನೆಗೆ ಕೇಳಿಸ್ತಿತ್ತು. ಈಗ ಚೀಪಿ ಚೀಪಿ ಮೆತ್ತಗೆ ಮಾಡ್ಕೊಂಡು ತಿಂತಾಳೆ. ನಾನು, ಅಮ್ಮನ ತರ ನಾಜೂಕಾದ್ಲು ಅಂದ್ಕೊಂಡೆ."

ಪೂರ್ವಿ ನಮ್ಮಿಬ್ಬರ ನಡುವೆ ಕೂತು ರಿಬ್ಬನ್ನಿನ ತುದಿ ಸುರುಳಿ ಸುತ್ತುತ್ತಿದ್ದಳು.

ಟ್ರೀಟ್‌ಮೆಂಟ್ ಎಂದರೆ ಹಲ್ಲಿನ ಒಳಗೆ ಕ್ಲೀನ್ ಮಾಡಿ, ಔಷಧಿ ತುಂಬಿ, ಮೇಲೆ ಸ್ಟೀಲ್ ಕ್ಯಾಪ್ ಹಾಕುವುದು. ಒಂದು ದಿನದಲ್ಲಿ ಮುಗಿಯುವುದಲ್ಲ. ಸುಮ್ಮನೆ ಕೂರದ ಮಕ್ಕಳಿಗೆ ಅನಸ್ತೇಶಿಯಾ ಕೊಟ್ಟು ಮಾಡುತ್ತಾರಂತೆ. ಪೂರ್ವಿ ಶಾಂತ ಹುಡುಗಿ, ಕೂರಿಸಿಯೇ ಪ್ರಯತ್ನಿಸೋಣ ಎಂದರು ಡಾಕ್ಟರ್.

"ಈ ಹಲ್ಲಿಗೆ ನಿದ್ದೆ ಮಾಡಿಸ್ತೀನಿ. ಆದ್ರೂ ನೋವಾದ್ರೆ ಎಡಗೈ ಎತ್ತು. ತಕ್ಷಣ ನಿಲ್ಲಿಸ್ತೀನಿ. ಪ್ರಾಮಿಸ್."

ಪೂರ್ವಿ ತಲೆಯಾಡಿಸಿದಳು. ನಾನು ಅವಳ ಕಾಲ ಬಳಿ ನಿಂತೆ. ಯಂತ್ರದ ಸದ್ದು ಶುರುವಾಯಿತು. ಅವಳ ಎಡಗೈ ತೊಡೆಯ ಮೇಲೆ, ಹೇಳಿಕೊಟ್ಟ ಹಾಗೆ, ಚಪ್ಪಟೆಯಾಗಿ ಇತ್ತು. ಕಣ್ಣು ದೀಪದ ಕಡೆಗೆ. ಮುಖದಲ್ಲಿ ಏನೂ ಇಲ್ಲ. ಪಕ್ಕದ ಚೇರಿನ ಹುಡುಗ ಅರಚಾಡುತ್ತಿದ್ದ. ಅವನ ಅಮ್ಮ ನಮ್ಮನ್ನು ನೋಡಿ, "ನೋಡೋ, ಆ ಅಕ್ಕ ಎಷ್ಟು ಜಾಣೆ," ಎಂದಳು.

ಆಗ ನಾನು ಕಾಲು ನೋಡಿದೆ.

ಬಿಳಿ ಸಾಕ್ಸಿನೊಳಗೆ ಹತ್ತೂ ಬೆರಳು ಮಡಚಿಕೊಂಡಿದ್ದವು. ಗಟ್ಟಿಯಾಗಿ, ಮುಷ್ಟಿಯ ಹಾಗೆ.

"ಡಾಕ್ಟರ್, ನಿಲ್ಲಿಸಿ. ಅವಳಿಗೆ ನೋಯ್ತಿದೆ."

"ಕೈ ಎತ್ತಿಲ್ವಲ್ಲ ಮೇಡಂ?"

"ಎತ್ತಲ್ಲ ಅವಳು. ನಿಲ್ಲಿಸಿ."

ಸದ್ದು ನಿಂತಿತು. ನಾನು ಬಗ್ಗಿ ಕೇಳಿದೆ. ಪೂರ್ವಿ ಮೊದಲು ಡಾಕ್ಟರನ್ನು ನೋಡಿದಳು, ಆಮೇಲೆ ನನ್ನನ್ನು. ಹೇಳಬಹುದಾ ಎಂಬ ಹಾಗೆ.

"ಸ್ವಲ್ಪ," ಎಂದಳು, ಪಿಸುಗುಟ್ಟಿ.

"ಸ್ವಲ್ಪಾನಾ, ತುಂಬಾನಾ?"

"ತುಂಬಾ."

"ಜೋರಾಗಿ ಹೇಳು ಕಂದಾ. ಅಳಬೇಕು ಅನ್ಸಿದ್ರೆ ಅಳು. ಇಲ್ಲಿ ಯಾರೂ ಬೈಯಲ್ಲ."

ಅತ್ತಳು. ಎಷ್ಟು ದಿನದ್ದೋ. ಬಾಯಿ ಇಷ್ಟಗಲ ತೆರೆದು, ಮೂಗು, ಕಣ್ಣು ಎಲ್ಲ ಒಂದಾಗುವ ಹಾಗೆ ಅತ್ತಳು. ಪಕ್ಕದ ಹುಡುಗ ಗಾಬರಿಯಾಗಿ ತನ್ನ ಅಳು ನಿಲ್ಲಿಸಿದ. ಬಾಗಿಲಲ್ಲಿ ಕೂತಿದ್ದ ಅತ್ತೆ ಚಪ್ಪಲಿ ಬಿಟ್ಟು ಓಡಿ ಬಂದರು. "ಏನ್ ಮಾಡಿದ್ರಮ್ಮ ನನ್ನ ಕೂಸಿಗೆ!"

"ಏನಿಲ್ಲ ಅತ್ತೆ, ಅಳ್ತಿದ್ದಾಳೆ ಅಷ್ಟೇ," ಎಂದೆ. ನಾನೂ ಅಳುತ್ತಿದ್ದೆ, ನಗುತ್ತಲೂ ಇದ್ದೆ. ಡಾ. ಶಾಹೀನ್ ಮಾಸ್ಕ್ ಕೆಳಗಿಳಿಸಿ, "ಅರೆ, ಇಷ್ಟು ವಾಯ್ಸ್ ಇದೆಯಾ ಇವಳಿಗೆ?" ಎಂದರು. ಇನ್ನೊಂದಿಷ್ಟು ಮರಗಟ್ಟಿಸುವ ಔಷಧಿ ಕೊಟ್ಟು, ಕಾದು, ಮುಂದುವರಿಸಿದರು. ಆ ದಿನ ಪೂರ್ವಿ ಒಂದೇ ಸಮನೆ ಕೈ ಎತ್ತುತ್ತಿದ್ದಳು. ನೋವಿಗೊಂದು, ನೀರು ಉಗಿಯಲು ಒಂದು, ಕೈ ಎತ್ತಿದರೆ ನಿಜವಾಗಲೂ ನಿಲ್ಲಿಸುತ್ತಾರಾ ಎಂದು ಪರೀಕ್ಷೆ ಮಾಡಲು ಮತ್ತೊಂದು. ಪ್ರತಿ ಸಲವೂ ನಿಲ್ಲಿಸಿದರು.

ಕ್ಯಾಪ್ ಹಾಕಿದ ದಿನ ಇವರು ಅಂಗಡಿಯಿಂದ ಬೇಗ ಬಂದರು. ಪೂರ್ವಿ ಬಾಗಿಲಲ್ಲೇ ಬೆರಳಿಂದ ತುಟಿ ಎಳೆದು ತೋರಿಸಿದಳು. "ಅಪ್ಪಾ, ಬೆಳ್ಳಿ ಹಲ್ಲು!"

"ಅಯ್ಯೋ, ಲಾಕರಲ್ಲಿ ಇಡ್ಬೇಕಲ್ಲಮ್ಮ ನಿನ್ನ," ಎಂದರು ಇವರು.

ವಾರ ಕಳೆಯುವಷ್ಟರಲ್ಲಿ ಮನೆ ಗದ್ದಲವಾಯಿತು. ಸೌತೆಕಾಯಿ ಕಡಿಯುವ ಸದ್ದು, ಕಡಲೆಕಾಯಿ ಅಗಿಯುವ ಸದ್ದು. ಬಾಯಿ ತುಂಬ ಅನ್ನ ಇಟ್ಟುಕೊಂಡೇ ಸ್ಕೂಲಿನ ಕಥೆ. ಆಯಾ ಅಕ್ಕ ಜಾರಿ ಬಿದ್ದದ್ದು, ಯಾರೋ ಯಾರ ರಬ್ಬರನ್ನೋ ನುಂಗಿದ್ದು. ಕೆಲವು ಸಲ ನನಗೆ ತಲೆನೋವು ಬರುತ್ತದೆ. ಈ ಹುಡುಗಿ ಇಲ್ಲೇ ಇದ್ದಳು, ನನಗೇ ಪರಿಚಯವಿರಲಿಲ್ಲ.

ಮೂರು ತಿಂಗಳ ನಂತರ ರೀಕಾಲ್, ಅಂದರೆ ಮತ್ತೆ ಕರೆದು ನೋಡುವುದು. ಅವೇ ಪ್ರಶ್ನೆಗಳು, ಅವೇ ನಾಲ್ಕು ಉತ್ತರಗಳು. ಈ ಸಲ ಯೋಚಿಸಿ ಹೇಳಿದೆ. ಹಲ್ಲು ನೋವು? ಅಪರೂಪಕ್ಕೆ, ತಣ್ಣನೆಯ ನೀರು ತಗುಲಿದರೆ ಎಡಗಡೆ ಜುಮ್ಮೆನ್ನುತ್ತದೆ ಎನ್ನುತ್ತಾಳೆ. ಸಿಟ್ಟು, ಹಟ? ಆಗಾಗ, ಬ್ರಶ್ ಮಾಡಿಸುವಾಗ ರಾದ್ಧಾಂತ. ಸ್ಕೂಲು ತಪ್ಪಿದ್ದು? ಇಲ್ಲಿಗೆ ಬರಲು, ಅಪರೂಪಕ್ಕೆ. ನನಗೆ ತಪ್ಪು ಮಾಡಿದೆ ಅನ್ನಿಸಿದ್ದು?

"ತುಂಬಾ ಸಲ," ಎಂದೆ.

ಪಕ್ಕದಲ್ಲಿದ್ದ ಅತ್ತೆ ಸುಮ್ಮನಿರಲಿಲ್ಲ. "ಅವಳೊಬ್ಬಳಿಗೇ ಯಾಕೆ? ಮಲಗೋ ಹೊತ್ತಲ್ಲಿ ಕೂಸಿನ ಬಾಯಿಗೆ ಬೆಲ್ಲದ ಚೂರು ಇಡ್ತಿದ್ದೋಳು ನಾನು. ನಂದೂ ಬರ್ಕೊಳಮ್ಮ."

"ಅಜ್ಜಿಗೆ ಇದ್ರಲ್ಲಿ ಜಾಗ ಇಲ್ಲ," ಎಂದು ನಕ್ಕ ಡಾಕ್ಟರ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಅಂಕ ಕೂಡಿದರು. ಮತ್ತೊಮ್ಮೆ ಕೂಡಿದರು. ತಲೆಗೆ ಕೈ ಹಚ್ಚಿಕೊಂಡರು.

"ಮೇಡಂ, ನಿಮ್ಮ ಪ್ರಕಾರ ಟ್ರೀಟ್‌ಮೆಂಟ್ ಆದ್ಮೇಲೆ ಮಗು ಪರಿಸ್ಥಿತಿ ಕೆಟ್ಟಿದೆ!"

"ಮೊದಲಿಂದು ತಪ್ಪು ಡಾಕ್ಟರ್. ಅದನ್ನ ತಿದ್ಬಿಡಿ."

"ತಿದ್ದೋ ಹಾಗಿಲ್ಲ. ಅವತ್ತು ನೀವು ಹೇಳಿದ್ದು ಅದು. ಇರ್ಲಿ. ಸ್ಟಡಿ ನೋಡೋ ನಮ್ಮ ಗೈಡ್ ಕೇಳಿದ್ರೆ ಪೂರ್ವೀನೇ ಕರ್ಕೊಂಡು ಹೋಗಿ ತೋರಿಸ್ತೀನಿ."

ಪೂರ್ವಿ ಆಗ ಜಿರಾಫೆಯ ಎದುರು ನಿಂತು ಇನ್ಯಾವುದೋ ಮಗುವಿಗೆ ಬೆಳ್ಳಿ ಹಲ್ಲು ತೋರಿಸುತ್ತಾ ಗಟ್ಟಿಯಾಗಿ ಮಾತಾಡುತ್ತಿದ್ದಳು.

ಎಲ್ಲ ಸರಿಹೋಯಿತು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಎಡಗಡೆಯ ಒಂದು ಹಲ್ಲಿನ ಮೇಲೆ ಕಣ್ಣಿಡಬೇಕಂತೆ. ಬಲಗಡೆಯ ಆ ಮೊಗ್ಗು ಹೇಗೆ ಬರುತ್ತದೋ ಬಂದ ಮೇಲೇ ಗೊತ್ತಾಗುವುದು. ಆರು ತಿಂಗಳಿಗೊಮ್ಮೆ ಹೋಗುತ್ತಿರಬೇಕು. ಆ ಡಾಕ್ಟರ್ ಓದು ಮುಗಿಸಿ ಹೋದರೆ ಇನ್ಯಾರು ನೋಡುತ್ತಾರೋ ಎಂಬ ಚಿಂತೆಯೂ ಇದೆ.

ಈಗ ಊಟವಾದ ಮೇಲೆ ಪೂರ್ವಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಾಳೆ, ನಾನು ಬ್ರಶ್ ಮಾಡಿಸುತ್ತೇನೆ. ಹೊಸದೊಂದು ದವಡೆ ಹಲ್ಲು ಹಿಂದೆ ಒಸಡು ಸೀಳಿಕೊಂಡು ಬರುತ್ತಿದೆ, ಅಂಚು ಮಾತ್ರ ಕಾಣುತ್ತದೆ. ನಿನ್ನೆ ಅಲ್ಲಿಗೆ ಬ್ರಶ್ ತಗುಲಿತು.

"ಆ! ನೋಯ್ತು ಮಮ್ಮಿ! ಮೆಲ್ಲಗೆ ಮಾಡೋಕೆ ಬರಲ್ವಾ ನಿಂಗೆ?"

ಒಳಕೋಣೆಯಿಂದ ಅತ್ತೆ ಕೂಗಿದರು, "ಏನಂತೆ ಅದು?"

"ಏನಿಲ್ಲ ಅತ್ತೆ," ಎಂದೆ. "ಬೈತಿದ್ದಾಳೆ." ಬ್ರಶ್ ಸ್ವಲ್ಪ ಓರೆ ಮಾಡಿ, ಮೆಲ್ಲಗೆ ಮತ್ತೆ ಶುರು ಮಾಡಿದೆ.